ಮೂರನೇ ಖಾನೆ

೨೦೨೪ನೇ ಇಸವಿ ಜೂನ್ ಒಂಬತ್ತು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ.

ಕರಕುಶಲ ಮೇಳದ ಬಾಗಿಲು ತೆರೆಯಲು ಇನ್ನು ಇಪ್ಪತ್ತು ನಿಮಿಷವಿತ್ತು. ಅವಳು ನೆಲಕ್ಕೆ ಮೊಣಕಾಲೂರಿ, ಅಳತೆ ಟೇಪು ಹಿಡಿದು, ಪಕ್ಕದ ಮೇಜಿನ ಕಾಲನ್ನೇ ದಿಟ್ಟಿಸುತ್ತಿದ್ದಳು.

“ನೋಡಿ, ನಿಮ್ಮ ಮೇಜು ಹನ್ನೊಂದು ಸೆಂಟಿಮೀಟರ್ ಒಳಗೆ ಬಂದಿದೆ.”

“ಎಲ್ಲಿಗೆ?”

“ನನ್ನ ಜಾಗಕ್ಕೆ!”

ಮರದ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದವನು ಬಗ್ಗಿ ನೋಡಿದ. ಜೇಬಿನಿಂದ ತನ್ನದೇ ಟೇಪು ತೆಗೆದು ಅಳೆದ.

“ಹನ್ನೊಂದಲ್ಲ ಮೇಡಂ, ಹನ್ನೊಂದೂವರೆ,” ಎನ್ನುತ್ತಾ ಮೇಜನ್ನು ಹಿಂದಕ್ಕೆಳೆದುಕೊಂಡ.

ಅವಳಿಗೆ ನಗು ಬಂತು. ತಡೆದುಕೊಂಡಳು. ಆದರೆ ಎದೆಯೊಳಗೆ ಏನೋ ಜರುಗಿತಲ್ಲ... ಅದನ್ನು ಯಾವ ಟೇಪಿನಲ್ಲಿ ಅಳೆಯುವುದು?

ವಾರವಿಡೀ ಅವಳು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ತಿಂಗಳಿಗೊಂದು ಭಾನುವಾರ ಮಾತ್ರ ಲೇಖಕಿ. ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಹೊತ್ತು ತಂದು ಮಾರುವ ಕಾದಂಬರಿ ಸರಣಿ ಅವಳದು. ಐದು ಭಾಗಗಳಲ್ಲಿ ನಾಲ್ಕು ಬಂದಿದ್ದವು. ಒಂದೊಂದೂ ಸರಿಯಾಗಿ ಇನ್ನೂರ ಎಂಟು ಪುಟ. ಕಥೆ ಮುಗಿಯುವ ಐದನೆಯದು ಇನ್ನೂ ಬರೆಯಬೇಕಿತ್ತು.

ಅವನು ಆ ದಿನವೇ ಮೊದಲ ಭಾಗ ಕೊಂಡ. ಜುಲೈ ಮೇಳದ ಹೊತ್ತಿಗೆ ಓದಿ ಮುಗಿಸಿದ್ದ.

“ರೈಟರ್ ಮೇಡಂ, ಆ ಹುಡುಗಿ ರೈಲು ಹತ್ತಿದಳಾ ಇಲ್ವಾ? ಅದನ್ನ ಹೇಳಿ ಮೊದಲು!”

“ಎರಡನೇ ಭಾಗ ತಗೊಳ್ಳಿ. ಅದರಲ್ಲಿದೆ.”

“ಹೀಗೆ ಸತಾಯಿಸಿ ಮಾರ್ತೀರಾ?”

“ನೀವು ಬೀಗ ಹಾಕಿದ ಪೆಟ್ಟಿಗೆ ಮಾರಲ್ವಾ? ಹಾಗೇ ಇದು.”

ಅವಳ ಜೊತೆ ಮಾರಾಟಕ್ಕೆ ಬರುತ್ತಿದ್ದ ಅತ್ತಿಗೆ, ಬಿಲ್ಲು ಬರೆಯುವ ನೆಪದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. “ಪೆಟ್ಟಿಗೆಯವರು ಓದೋದು ನಿನ್ನ ಪುಸ್ತಕಾನೋ ನಿನ್ನ ಮುಖಾನೋ, ಸ್ವಲ್ಪ ವಿಚಾರಿಸಮ್ಮ,” ಎಂದು ಕಿಚಾಯಿಸುತ್ತಿದ್ದಳು.

ಆದರೆ ಒಂದು ಸಂಕಟ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಮೂರನೇ ಭಾಗ ಕೊಂಡ ತೊಂಬತ್ತು ಚಿಲ್ಲರೆ ಓದುಗರಲ್ಲಿ ನಾಲ್ಕನೆಯದಕ್ಕೆ ಬಂದವರು ಏಳೇ ಜನ. ಒಬ್ಬ ಟೀಚರ್ ಮುಖಕ್ಕೇ ಹೇಳಿದ್ದರು: “ನಿಮ್ಮ ನಾಯಕಿಗೆ ಸ್ವಾಭಿಮಾನವೇ ಇಲ್ಲ. ಅಷ್ಟು ಕೋಪ ಮಾಡಿಕೊಂಡವಳು ಸುಮ್ಮಸುಮ್ಮನೆ ಕ್ಷಮಿಸಿಬಿಡೋದಾ?”

ಸುಮ್ಮಸುಮ್ಮನೆಯಾ? ಆ ಕ್ಷಮೆಯ ಅಧ್ಯಾಯಕ್ಕೆ ಅವಳು ಐದು ತಿಂಗಳು ತೆಗೆದುಕೊಂಡಿದ್ದಳು! ಅದನ್ನು ಹನ್ನೊಂದು ಸಲ ತಿದ್ದಿದ್ದಳು. ಅದೇ ಯಾರ ಮನಸ್ಸಿಗೂ ತಟ್ಟಲಿಲ್ಲವೆಂದರೆ... ತನಗೆ ಬರೆಯಲು ಬರುವುದಿಲ್ಲ. ಅಷ್ಟೇ ತಾನೇ?

ನವೆಂಬರ್ ಮೇಳದಲ್ಲಿ ಅವನು ಮೂರನೇ ಭಾಗವನ್ನು ಕೈಯಲ್ಲಿ ಹಿಡಿದೇ ಬಂದ. ಮುಖದಲ್ಲಿ ಎಂದಿನ ನಗುವಿರಲಿಲ್ಲ.

“ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು.”

ಅವಳು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. *ಇವನೂನಾ?*

“ಮೂರನೇ ಭಾಗದಲ್ಲಿ ಏನೋ ಕಮ್ಮಿ ಇದೆ ರೀ. ತೊಂಬತ್ತಾರನೇ ಪುಟ ಆದ್ಮೇಲೆ...”

“ಓದೋಕಾಗಲಿಲ್ಲ! ಅಷ್ಟೇ ತಾನೇ?”

“ಅಯ್ಯೋ, ಹಾಗಲ್ಲ. ತೊಂಬತ್ತಾರು ಆದ್ಮೇಲೆ...”

“ಸಾಕು! ಎಲ್ಲರೂ ಅದನ್ನೇ ಹೇಳಿದಾರೆ. ನೀವೊಬ್ಬರು ಬಾಕಿ ಇದ್ರಿ. ನಿಮ್ಮ ಪೆಟ್ಟಿಗೇಲಿ ಏನು ಕಮ್ಮಿ ಇದೆ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?”

ಅವನು ಬಾಯಿ ತೆರೆದ. ಅವಳು ಬೆನ್ನು ತಿರುಗಿಸಿದಳು.

ಅಂದು ಸಂಜೆಯೇ ಮೇಳ ನಡೆಸುವವರಿಗೆ ಹೇಳಿ ತನ್ನ ಮೇಜನ್ನು ಸಭಾಂಗಣದ ಇನ್ನೊಂದು ತುದಿಗೆ ಹಾಕಿಸಿಕೊಂಡಳು. ಡಿಸೆಂಬರ್ ಕಳೆಯಿತು, ಜನವರಿಯೂ ಕಳೆಯಿತು. ಬರೆಯಲು ಶುರುಮಾಡಿದ್ದ ಐದನೇ ಭಾಗದ ಹಾಳೆಗಳನ್ನು ಕಟ್ಟಿ ಕಪಾಟಿನ ಮೇಲೆಸೆದಳು. ದೂರದಲ್ಲಿ ಅವನ ತಲೆ ಕಂಡಾಗಲೆಲ್ಲ ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದಳು. ಯಾರೋ ಹೇಳಿದ್ದಾದರೆ ಮರೆಯಬಹುದಿತ್ತು. ಹೇಳಿದವನು ಅವನು... ಅದಕ್ಕೇ ಅಷ್ಟು ನೋವು.

ಫೆಬ್ರವರಿ ಎರಡರ ಮೇಳವೇ ಕೊನೆಯದು ಎಂದು ತೀರ್ಮಾನಿಸಿದ್ದಳು.

“ಇವತ್ತು ಉಳಿದದ್ದನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟುಬಿಡ್ತೀನಿ ಅತ್ತಿಗೆ. ಐದನೇದು ಬರೆಯಲ್ಲ.”

ಅತ್ತಿಗೆ ಮೇಜಿನ ಕೆಳಗಿಂದ ಬಟ್ಟೆ ಸುತ್ತಿದ ಒಂದು ಗಂಟು ತೆಗೆದು ಮುಂದಿಟ್ಟಳು. “ಬೆಳಿಗ್ಗೆ ಪೆಟ್ಟಿಗೆಯವರು ಕೊಟ್ಟು ಹೋದ್ರು. ನೀನು ಎಸೀತೀಯ ಅಂತ ನಾನೇ ಬಚ್ಚಿಟ್ಟಿದ್ದೆ.”

ಒಳಗಿದ್ದದ್ದು ಪುಸ್ತಕವಿಡುವ ಪೆಟ್ಟಿಗೆ. ನಯವಾಗಿ ಉಜ್ಜಿದ ಮರ. ಸಾಲಾಗಿ ಐದು ಖಾನೆ.

ಐದು!

ಅತ್ತಿಗೆಯೇ ಮಾರಾಟದ ರಾಶಿಯಿಂದ ಒಂದೊಂದು ಭಾಗ ತೆಗೆದು ಖಾನೆಗಳಲ್ಲಿಟ್ಟಳು. ಒಂದನೆಯದು ಅಚ್ಚುಕಟ್ಟಾಗಿ ಕೂತಿತು. ಎರಡನೆಯದೂ, ನಾಲ್ಕನೆಯದೂ ಹಾಗೆಯೇ. ಮೂರನೆಯದು ಮಾತ್ರ ಖಾನೆಯಲ್ಲಿ ಅಲುಗಾಡಿತು.

ಅವಳಿಗೆ ಎಲ್ಲಿಲ್ಲದ ಸಿಟ್ಟು ಉಕ್ಕಿತು. ಪೆಟ್ಟಿಗೆ ಎತ್ತಿಕೊಂಡು ಸಭಾಂಗಣದ ಉದ್ದಕ್ಕೂ ನಡೆದು ಅವನ ಮುಂದೆ ಕುಕ್ಕಿದಳು.

“ಅಳತೆ ತಪ್ಪಿದೆ. ಮೂರನೇ ಖಾನೆ ದೊಡ್ಡದಾಗಿದೆ.”

“ಅಳತೆ ಸರಿ ಇದೆ,” ಎಂದ ಅವನು ಮೆಲ್ಲಗೆ. “ಪುಸ್ತಕ ಕಮ್ಮಿ ಇದೆ.”

“ಮತ್ತೆ ಅದೇ ಮಾತಾ!”

ಅವನು ದಪ್ಪ ಅಳೆಯುವ ಕ್ಯಾಲಿಪರ್ಸ್ ತೆಗೆದು ಅವಳ ಕೈಗೆ ಕೊಟ್ಟ. ಪ್ರಯೋಗಾಲಯದಲ್ಲಿ ಪಳಗಿದ ಕೈ, ತಾನಾಗಿಯೇ ಅಳೆಯಿತು. ಒಂದನೇ ಭಾಗ, ಹನ್ನೊಂದು ಮಿಲಿಮೀಟರ್. ಎರಡನೆಯದು ಹನ್ನೊಂದು. ನಾಲ್ಕನೆಯದೂ ಹನ್ನೊಂದು. ಮೂರನೆಯದು... ಹತ್ತು ಪಾಯಿಂಟ್ ಎರಡು.

ಕಡಿಮೆಯಾದದ್ದು ಒಂದು ಮಿಲಿಮೀಟರಿನ ಹತ್ತರಲ್ಲಿ ಎಂಟು ಪಾಲು. ಹಾಳೆಗೊಂದು ಪಾಲಿನಂತೆ ಅವಳ ಕಾಗದದ ಲೆಕ್ಕದಲ್ಲಿ ಎಂಟು ಹಾಳೆ. ಹದಿನಾರು ಪುಟ!

ಆ ಪುಸ್ತಕ ತೆರೆದಳು. ತೊಂಬತ್ತಾರನೇ ಪುಟದಲ್ಲಿ ಅಧ್ಯಾಯ ಮುಗಿದಿತ್ತು. ಎದುರು ಪುಟದಲ್ಲಿ ಹೊಸ ಅಧ್ಯಾಯ ಶುರುವಾಗಿತ್ತು. ಅದರ ಕೆಳಗಿನ ಸಂಖ್ಯೆ ನೂರ ಹದಿಮೂರು.

ಕ್ಷಮೆಯ ಅಧ್ಯಾಯವೇ ಇರಲಿಲ್ಲ!

ಅಚ್ಚಿನ ಮನೆಯಲ್ಲಿ ಹೊಲಿಯುವಾಗ ಹದಿನಾರು ಪುಟಗಳ ಒಂದು ಕಟ್ಟು ಬಿಟ್ಟುಹೋಗಿತ್ತು. ಅವಳು ತಿರುವಿ ಪರೀಕ್ಷಿಸಿದ್ದ ಮಾದರಿ ಪ್ರತಿ ಮಾತ್ರ ಸರಿಯಿತ್ತು. ಹಾಗಾಗಿ ಗೊತ್ತೇ ಆಗಿರಲಿಲ್ಲ. ನಾಯಕ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳುವ ಆ ಹದಿನಾರು ಪುಟಗಳನ್ನು ಕೊಂಡವರಲ್ಲಿ ಯಾರೂ ಓದಿರಲಿಲ್ಲವೇನೋ.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

“ಅವತ್ತು ನೀವು ಹೇಳೋಕೆ ಬಂದಿದ್ದು... ಇದನ್ನಾ?”

“ಹೂಂ. ತೊಂಬತ್ತಾರು ಆದ್ಮೇಲೆ ನೂರ ಹದಿಮೂರು ಬಂದಿದೆ ಅಂತ ಹೇಳೋಕೆ ಬಂದೆ. ನೀವು ತೊಂಬತ್ತಾರಕ್ಕೇ ನಿಲ್ಲಿಸಿಬಿಟ್ರಿ.”

“ಒಂದು ಫೋನ್ ಮಾಡಬಹುದಿತ್ತಲ್ಲ!”

“ಮೇಜನ್ನೇ ಆ ತುದಿಗೆ ಎಳ್ಕೊಂಡು ಹೋದೋರು ಫೋನ್ ಎತ್ತುತಿದ್ರಾ?” ಅವನ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. “ಆಮೇಲೆ ನಂಗೂ ಅನುಮಾನ ಬಂತು. ನಾನು ಮರದ ಕೆಲಸದೋನು. ಈಗಿನ ಕಥೆಗಳು ಹೀಗೇ ಇರುತ್ವೇನೋ, ನಂಗೇ ಅರ್ಥ ಆಗಲ್ವೇನೋ ಅಂತ. ಖಾನೆ ಕೊಯ್ಯೋಕೆ ಅಳೆದಾಗಲೇ ಖಾತ್ರಿಯಾಗಿದ್ದು.”

“ಅಳೆದಾಗ ಹತ್ತು ಪಾಯಿಂಟ್ ಎರಡು ಅಂತ ಗೊತ್ತಿತ್ತಲ್ಲ. ಮತ್ತೆ ಖಾನೆ ಯಾಕೆ ಹನ್ನೊಂದಕ್ಕೆ ಕೊಯ್ದ್ರಿ?”

“ಕಳೆದುಹೋದ ಪುಟ ವಾಪಸ್ ಬಂದಾಗ ಜಾಗ ಬೇಕಲ್ಲ.”

ಅವಳು ಮುಖ ಮುಚ್ಚಿಕೊಂಡಳು. ಅತ್ತಳು. ಹೋದ ಓದುಗರಿಗಾಗಿ, ಕಪಾಟಿನ ಮೇಲಿನ ಹಾಳೆಗಳಿಗಾಗಿ, ಕೇಳಿಸಿಕೊಳ್ಳದೆ ಕಳೆದ ಎರಡೂವರೆ ತಿಂಗಳಿಗಾಗಿ.

“ಎಲ್ಲರೂ ಬಿಟ್ಟುಹೋದ್ರು... ಈಗ ಯಾರನ್ನ ಅಂತ ಹುಡುಕಲಿ?”

“ಬಿಲ್ಲು ಪುಸ್ತಕದಲ್ಲಿ ಅವರ ಫೋನ್ ನಂಬರ್ ಇರುತ್ತಲ್ಲ. ಆ ಹದಿನಾರು ಪುಟ ಅಚ್ಚು ಹಾಕಿಸಿ. ಅವರ ಪ್ರತಿ ತಂದುಕೊಟ್ಟರೆ ನಾನು ಹೊಲಿದು ಸೇರಿಸ್ತೀನಿ.”

“ಎಲ್ಲರೂ ಬರಲ್ಲ.”

“ಬರಲ್ಲ,” ಎಂದು ಒಪ್ಪಿದ. “ಬಂದಷ್ಟು ಜನಕ್ಕೆ ಹೊಲಿಯೋಣ.”

ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ ಎಂದು ಅವಳಿಗೆ ಉಸಿರು ಹಗುರಾಯಿತು.

“ಮೊದಲು ನಂಗೆ ಓದಿ ಹೇಳಿ,” ಎಂದ ಅವನು, ಮರದ ಪುಡಿ ಅಂಟಿದ ತನ್ನ ಕೈಗಳನ್ನೇ ನೋಡುತ್ತಾ. “ಅಷ್ಟು ಕೋಪ ಇದ್ದೋಳು ಅವನನ್ನ ಯಾಕೆ ಕ್ಷಮಿಸಿದಳು ಅಂತ ತಿಳ್ಕೊಳ್ಳಲೇಬೇಕು. ನಂಗೆ... ನಂಗೂ ಆ ಕ್ಷಮೆ ಬೇಕಾಗಿತ್ತು. ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ ರೀ. ಮೇಜು ಅಳೆದ ದಿನದಿಂದ.”

ಅವಳು ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು.

“ಕ್ಷಮೆ ಕೇಳಬೇಕಾದವಳು ನಾನು,” ಎಂದಳು. “ಇಷ್ಟ ಅನ್ನೋ ಮಾತು... ನಾನು ಅದನ್ನ ಹೇಳೋಕೆ ಹದಿನಾರು ಪುಟ ತಗೋತೀನಿ. ಪರವಾಗಿಲ್ವಾ?”

“ಒಂದು ಪುಟಾನೂ ಬಿಡಬೇಡಿ.”

ಅವಳು ಫೋನಿನಲ್ಲಿ ಕೇಳಿದಾಗ ಅತ್ತಿಗೆ ದೂರದಿಂದಲೇ ಮಾದರಿ ಪ್ರತಿಯನ್ನು ಎತ್ತಿ ತೋರಿಸಿದಳು. ತಂದುಕೊಟ್ಟು, ಏನೂ ಕಾಣದವಳಂತೆ ಹೊರಟುಹೋದಳು. ಅವಳು ಅವನೆದುರು ಕೂತು ತೊಂಬತ್ತೇಳನೇ ಪುಟದಿಂದ ಓದಿದಳು. ಗಿರಾಕಿಗಳು ಬಂದು ಪೆಟ್ಟಿಗೆ ಮುಟ್ಟಿ ನೋಡಿ ಹೋದರು. ಅವನು ತಲೆಯೆತ್ತಲಿಲ್ಲ.

ನೂರ ಹನ್ನೆರಡನೇ ಪುಟ ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

ಅವಳು ಮಾದರಿ ಪ್ರತಿಯನ್ನು ಮೂರನೇ ಖಾನೆಯಲ್ಲಿಟ್ಟಳು. ಅದು ಅಲುಗಾಡಲಿಲ್ಲ. ಆಗಲೇ ಕೊನೆಯ ಖಾನೆಯನ್ನು ಸರಿಯಾಗಿ ನೋಡಿದ್ದು.

“ಐದನೇದು ಯಾಕೆ ಇಷ್ಟೊಂದು ಅಗಲ?”

“ಕೊನೇ ಭಾಗ ಅಲ್ವಾ? ಬೇಗ ಮುಗೀಬಾರದು ಅಂತ.”

“ಇದು ತುಂಬೋಷ್ಟು ಬರೀಬೇಕಂದ್ರೆ ವರ್ಷಗಟ್ಟಲೆ ಬೇಕು ರೀ!”

“ಬರೀರಿ. ಪಕ್ಕದ ಮೇಜಲ್ಲೇ ಇರ್ತೀನಿ.”

ಅವಳು ಕಣ್ಣೊರೆಸಿಕೊಂಡು, ಕ್ಯಾಲಿಪರ್ಸ್ ತೆಗೆದುಕೊಂಡು, ಖಾಲಿ ಖಾನೆಯನ್ನು ಅಳೆದಳು.

ನಲವತ್ತೊಂದು ಮಿಲಿಮೀಟರ್.