ಎರಡು ಗಂಟೆಯ ಅಂತರ

"ಅಡಲೀನ್ ಫ್ರೇ ಏನು, ಸತ್ತುಹೋದ್ಲಾ?"

ರೇಡಿಯೋ ಸ್ಟೇಷನ್ನಿನ ಫೋನ್ ಎತ್ತಿದ ಡೊರೀನ್ ಪಾವ್ಲಿಕ್‌ಳ ಕಿವಿಗೆ ಮೊದಲು ಬಿದ್ದದ್ದು ಈ ಪ್ರಶ್ನೆ. ಗಂಡಸಿನ ದನಿ. ಹಿಂದೆ ಲಾರಿಗಳು ಹಾದುಹೋಗುವ ಸದ್ದು. ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಿಂದ ಮಾತಾಡುತ್ತಿರಬೇಕು ಅಂದುಕೊಂಡಳು.

"ಇಲ್ಲ, ಚೆನ್ನಾಗೇ ಇದ್ದಾಳೆ. ಟೊಲೀಡೋದಲ್ಲಿ ಮೊಮ್ಮಕ್ಕಳ ಜೊತೆ. ಯಾಕೆ?"

"ಓಹಾಯೋ ಗಡಿ ದಾಟಿದಾಗಿಂದ ನಿಮ್ಮ ಸ್ಟೇಷನ್ನೇ ಕೇಳ್ತಿದ್ದೀನಿ. ಹಳೇ ಹಾಡಿನ ರೇಡಿಯೋ ಅಂತೀರಿ, ಅವಳದ್ದು ಒಂದೂ ಬರ್ಲಿಲ್ಲ!"

"ಬೆಳಿಗ್ಗೆ ಹಾಕಿದ್ವಿ."

"ನಾನು ಬೆಳಿಗ್ಗೆ ಇರ್ಲಿಲ್ವಲ್ಲ!"

"ನೀವಿಲ್ದಿದ್ದಾಗ್ಲೂ ಈ ಊರು ಇರುತ್ತೆ ಸ್ವಾಮಿ. ಹಾಡು ಕೇಳೋರೂ ಇರ್ತಾರೆ."

ಆ ಕಡೆಯಿಂದ ಜೋರು ನಗು. "ಅದೂ ಸರಿ ಬಿಡಿ," ಎಂದು ಆ ಮನುಷ್ಯ ಫೋನ್ ಇಟ್ಟ.

ಡೊರೀನ್ ಮೈಕ್ ತೆರೆದು ಈರಿ ನಗರದ ಹವಾಮಾನ ಓದಿದಳು. ಸರೋವರದ ಕಡೆಯಿಂದ ಹಿಮ, ಬೆಳಗಾಗುವುದರೊಳಗೆ ಆರು ಅಂಗುಲ. ಓದಿ ಮುಗಿಸಿದ ಮೇಲೂ ಆ ನಗು ಕಿವಿಯಲ್ಲಿ ಉಳಿದಿತ್ತು. ನಗು ಚೆನ್ನಾಗಿತ್ತು. ಅದು ಹಾಗೆ ಕಿವಿಯಲ್ಲಿ ಉಳಿದದ್ದು ಅವಳಿಗೆ ಹಿಡಿಸಲಿಲ್ಲ.

ಮಾರನೆಯ ದಿನ ಸ್ಟೇಷನ್ನಿನ ಮಾಲೀಕರು ಎತ್ತರದ, ನರೆಗೂದಲಿನ ವ್ಯಕ್ತಿಯೊಬ್ಬನನ್ನು ಒಳಗೆ ಕರೆತಂದರು. "ಇವ್ರು ವೆಂಡಲ್ ಆಮ್ಸ್ಲರ್. ಡೇಟನ್‌ನಿಂದ ಬಂದಿದ್ದಾರೆ. ಇನ್ಮೇಲೆ ಕಾರ್ಯಕ್ರಮಗಳೆಲ್ಲ ಇವರ ಕೈಲಿ. ವೆಂಡಲ್, ಇವಳು ಡೊರೀನ್. ಯಾವ ಹಾಡು ಯಾವಾಗ ಬರ್ಬೇಕು ಅಂತ ಪಟ್ಟಿ ಮಾಡೋಳು."

"ನಮಸ್ಕಾರ," ಅಂದಳು ಡೊರೀನ್.

ಅವನು ಕೈ ಚಾಚಿದವನು ಹಾಗೇ ನಿಂತ. ಆ ದನಿಯನ್ನು ಅವನು ಗುರುತಿಸಿದ್ದ.

"ನಿನ್ನೆ ಬೆಳಿಗ್ಗೆ ನಾನಿರ್ಲಿಲ್ಲ," ಅಂದ. "ಇವತ್ತಿಂದ ಇರ್ತೀನಿ."

*ಅಯ್ಯೋ ದೇವರೇ... ಇವನೇನಾ!*

ಅದು 1993ರ ಜನವರಿ. ಡೊರೀನ್‌ಗೆ ಮೂವತ್ತೆಂಟು. ಆ ಸ್ಟೇಷನ್ನಿನಲ್ಲಿ ಅವಳು ಕಂಡ ಮುಖ್ಯಸ್ಥರಲ್ಲಿ ಇವನು ನಾಲ್ಕನೆಯವನು. ಮೂರನೆಯವನ ಹೆಸರು ಗ್ರಾಂಟ್. ಅವನು ಅವಳೊಂದಿಗೆ ಮದುವೆಯ ಮಾತಾಡಿದ್ದ. ಅವಳು ಮಾಡಿಟ್ಟ ಹಾಡಿನ ಪಟ್ಟಿಯನ್ನು ಅವಳು ಮನೆಗೆ ಹೋದ ಮೇಲೆ ಬದಲಿಸುತ್ತಿದ್ದ. ಕೇಳಿದರೆ ಹಾಡುಗಳನ್ನು ಸರದಿಗೆ ಜೋಡಿಸುವ ಕಂಪ್ಯೂಟರಿನ ಮೇಲೆ ಹಾಕುತ್ತಿದ್ದ. ಒಂದು ಸೋಮವಾರ ಅವನ ಕೋಣೆ ಖಾಲಿಯಾಗಿತ್ತು. ಫೀನಿಕ್ಸ್‌ನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿದ್ದು ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಬಿಟ್ಟುಹೋದದ್ದನ್ನು ಅವಳು ಕ್ಷಮಿಸಿಬಿಡುತ್ತಿದ್ದಳೇನೋ. ಹೇಳದೆ ಹೋದದ್ದನ್ನು ಮಾತ್ರ ಆಗಲಿಲ್ಲ.

ವೆಂಡಲ್‌ನೊಂದಿಗೆ ಜಗಳ ಮೊದಲ ವಾರವೇ ಶುರುವಾಯಿತು. ವಿಷಯ ಒಂದೇ: ಒಬ್ಬ ಗಾಯಕಿಯ ಹಾಡು ಬಂದ ಮೇಲೆ ಅವಳದೇ ಇನ್ನೊಂದು ಹಾಡು ಬರಲು ಎಷ್ಟು ಹೊತ್ತು ಬಿಡಬೇಕು? ಡೊರೀನಳ ಪ್ರಕಾರ ನಾಲ್ಕು ಗಂಟೆ. ವೆಂಡಲ್‌ನ ಪ್ರಕಾರ ಒಂದು ಗಂಟೆ ಧಾರಾಳ ಸಾಕು.

"ಜನ ಇಡೀ ದಿನ ರೇಡಿಯೋ ಕೇಳಲ್ಲ ಡೊರೀನ್. ಕಾರ್ ಹತ್ತಿದಾಗ ಹಾಕ್ತಾರೆ, ಇಳಿದಾಗ ಆರಿಸ್ತಾರೆ. ಆ ಇಪ್ಪತ್ತು ನಿಮಿಷದಲ್ಲಿ ಅವರಿಗೆ ಬೇಕಾದ ದನಿ ಸಿಗ್ಬೇಕು."

"ಶನಿವಾರ ಭಾನುವಾರ ಹಾಗಲ್ಲ. ಗ್ಯಾರೇಜ್ ಗುಡಿಸೋರು, ಗೋಡೆಗೆ ಬಣ್ಣ ಹೊಡೆಯೋರು, ಅಂಗಡೀಲಿ ಕೂತೋರು... ಬೆಳಿಗ್ಗೆ ಹಾಕಿದ್ರೆ ಸಂಜೆವರೆಗೂ ಆರ್ಸಲ್ಲ. ಗಂಟೆಗೊಂದ್ಸಲ ಅದೇ ದನಿ ಬಂದ್ರೆ ಅವರಿಗದು ನಲ್ಲಿ ಸೋರಿದ ಹಾಗೆ."

"ಸೋರೋ ನಲ್ಲಿನಾ? ಅಡಲೀನ್ ಫ್ರೇನಾ?"

"ಅಡಲೀನ್ ಫ್ರೇನೇ! ನನಗೂ ಅವಳಂದ್ರೆ ಇಷ್ಟ. ಅದಕ್ಕೇ ಜನಕ್ಕೆ ಅವಳು ಬೇಜಾರಾಗ್ಬಾರದು."

ಆ ಉತ್ತರ ಅವನಿಗೆ ಹಿಡಿಸಿತ್ತು. ಸೋತದ್ದನ್ನು ಒಪ್ಪಿಕೊಳ್ಳಲಿಲ್ಲ, ಎರಡು ಲೋಟ ಕಾಫಿ ತಂದ.

ಫೆಬ್ರವರಿ ಕಳೆಯುವಷ್ಟರಲ್ಲಿ ಆ ಕಾಫಿ ದಿನದ ರೂಢಿಯಾಯಿತು. ಸಕ್ಕರೆ ಎಷ್ಟೆಂದು ಅವನು ಕೇಳುವುದನ್ನು ಬಿಟ್ಟಿದ್ದ. ಅವನು ಬರುವ ಹೊತ್ತಿಗೆ ಅವಳು ಕನ್ನಡಿ ನೋಡಿಕೊಳ್ಳತೊಡಗಿದ್ದಳು. ನೋಡಿಕೊಂಡು ತನ್ನ ಮೇಲೆ ತಾನೇ ಸಿಟ್ಟಾಗುತ್ತಿದ್ದಳು.

*ಬೇಡ ಡೊರೀನ್. ಒಂದ್ಸಲ ಆಗಿದ್ದು ಸಾಲ್ದಾ?*

ಮಾರ್ಚಿನಲ್ಲಿ 'ಸರೋವರ ತೀರದ ವಾರಾಂತ್ಯ' ಎಂಬ ವಿಶೇಷ ಕಾರ್ಯಕ್ರಮ ಬಂತು. ಮಹಾ ಸರೋವರಗಳ ದಡದ ಊರುಗಳಲ್ಲಿ ಹುಟ್ಟಿದ ಗಾಯಕರದ್ದು ಮಾತ್ರ, ಎರಡು ದಿನ ಪೂರ್ತಿ. ಯೋಚನೆ ಚೆನ್ನಾಗಿತ್ತು. ತೊಂದರೆಯೆಂದರೆ ಗಾಯಕರು ಕಡಿಮೆ, ಗಂಟೆಗಳು ಹೆಚ್ಚು. ಯಾರಾದರೂ ಮತ್ತೆ ಮತ್ತೆ ಬರಲೇಬೇಕಿತ್ತು.

ದಿನವಿಡೀ ವಾದಿಸಿ, ಕೊನೆಗೆ ಎರಡು ಗಂಟೆಯ ಅಂತರಕ್ಕೆ ಬಂದು ನಿಂತರು.

"ಎರಡು ಗಂಟೆ," ಅಂದಳು ಡೊರೀನ್. "ನಾನು ಮನೆಗೆ ಹೋದ್ಮೇಲೆ ಅದು ಒಂದಾಗ್ಬಾರದು."

ಅವಳ ದನಿಯಲ್ಲಿದ್ದದ್ದು ಬರೀ ಹಾಡಿನ ವಿಷಯವಲ್ಲ ಎಂದು ಅವನಿಗೆ ಹೊಳೆಯಿತು. ಗ್ರಾಂಟ್‌ನ ಸುದ್ದಿ ಆ ಕಟ್ಟಡದಲ್ಲಿ ಗೋಡೆಗೂ ಗೊತ್ತಿತ್ತು.

"ನಿಮ್ಮನ್ನ ಕೇಳದೆ ನಿಮ್ಮ ಪಟ್ಟೀಲಿ ಒಂದು ಹಾಡೂ ಮುಟ್ಟಲ್ಲ," ಅಂದ. "ಮಾತು ಕೊಡ್ತೀನಿ."

ಬಾಗಿಲವರೆಗೆ ಹೋಗಿ ತಿರುಗಿ, "ಮುಂದಿನ ಶುಕ್ರವಾರ ಚರ್ಚಿನಲ್ಲಿ ಮೀನೂಟ ಇದೆಯಂತೆ... ಬರ್ತೀರಾ?"

ಅವಳಿಗೆ ಕೂಡಲೇ ಹೂಂ ಅನ್ನಬೇಕೆನಿಸಿತು. ಮುಖ ಮಾತ್ರ ಹವಾಮಾನ ಓದುವಾಗಿನಂತೆಯೇ ಇತ್ತು.

"ಈ ವಾರಾಂತ್ಯ ಕಳೀಲಿ," ಅಂದಳು. "ಆಮೇಲೆ ನೋಡೋಣ."

*ಈ ಎರಡು ದಿನ ಮಾತು ಉಳಿಸ್ಕೊಂಡ್ರೆ... ಹೋಗ್ತೀನಿ. ಇಲ್ಲಾಂದ್ರೆ ಸೋಮವಾರ ಕೆಲಸಾನೂ ಬೇಡ, ಇವನೂ ಬೇಡ.*

ಶನಿವಾರ ಡೊರೀನ್‌ಗೆ ರಜೆ. ಬೆಳಿಗ್ಗೆಯೇ ಹೋಗಿ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೊಂದಿಗೆ ಕೂತಿದ್ದಳು. ಮುಂದಿನ ಶುಕ್ರವಾರದ ಮಾರಾಟಕ್ಕೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಡಚುವ ಕೆಲಸ. ಹಿಟ್ಟು, ಹಬೆ, ಹರಟೆ. ಕಿಟಕಿಕಟ್ಟೆಯ ಮೇಲೆ ರೇಡಿಯೋ.

ಅಡಲೀನ್ ಫ್ರೇಯ ದನಿ ಬಂತು. ಹೆಂಗಸರು ಕೆಲಸ ನಿಲ್ಲಿಸದೆ ಜೊತೆಗೆ ಹಾಡಿದರು.

ಒಂದು ತಟ್ಟೆ ತುಂಬುವಷ್ಟರಲ್ಲಿ ಅದೇ ದನಿ ಮತ್ತೆ ಬಂತು. ಯಾರೂ ಹಾಡಲಿಲ್ಲ.

ಎರಡನೇ ತಟ್ಟೆ ಒಲೆಗೆ ಹೋಗುವ ಮುನ್ನ... ಮತ್ತೆ!

"ಏನೇ ಡೊರೀನ್," ಎಂದರು ಆಗ್ನೆಸ್ ಚಿಕ್ಕಮ್ಮ, ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು. "ನಿನ್ನ ರೇಡಿಯೋ ಇವಳೊಬ್ಬಳಿಗೇ ಬಾಡಿಗೆಗೆ ಕೊಟ್ಟಿದ್ದೀರೇನೇ?"

"ಪಾಪ, ಉಸಿರಾದ್ರೂ ಬಿಡೋಕೆ ಬಿಡ್ರೇ ಅವಳಿಗೆ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಡೊರೀನ್ ನಗಲಿಲ್ಲ. ಅವಳ ಕೈಯಲ್ಲಿದ್ದ ಪಿರೋಗಿ ಒಡೆದು ಆಲೂಗಡ್ಡೆ ಹೊರಬಂದಿತ್ತು.

ಅವಳಷ್ಟು ಹಾಡು ಬಲ್ಲವಳಿಗೆ ಕಾರಣ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಳೆಯ ಗಾಯ ಒಂದೇ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿತ್ತು.

*ಬದಲಿಸಿದ್ದಾನೆ. ನಾನು ಬೆನ್ನು ತಿರುಗಿಸಿದ ಕೂಡ್ಲೆ ಬದಲಿಸಿದ್ದಾನೆ. ಇವನೂ...!*

"ಎಲ್ಲಿಗೇ ಹೊರಟೆ? ಇನ್ನೂ ಒಂದು ಬಾಂಡ್ಲಿ ಆಲೂಗಡ್ಡೆ ಇದೆ!"

"ಕೆಲಸ ಬಿಡೋಕೆ ಚಿಕ್ಕಮ್ಮ," ಎಂದು ಕೋಟು ಎಳೆದುಕೊಂಡು ಮೆಟ್ಟಿಲು ಹತ್ತಿದಳು.

ಪೀಚ್ ಸ್ಟ್ರೀಟಿನಲ್ಲಿ ಹಿಮ ಕರಗಿ ಕೆಸರಾಗಿತ್ತು. ಕಾರಿನ ರೇಡಿಯೋ ಆರಿಸಿದಳು. ಸ್ಟೇಷನ್ ಮುಟ್ಟುವವರೆಗೂ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಲೇ ಇದ್ದಳು. ಅಳಬಾರದು ಎಂಬುದೂ ಆ ಜೋಡಣೆಯಲ್ಲಿತ್ತು.

ಶನಿವಾರ ಹಾಡು ಹಾಕುವ ಹುಡುಗಿಗೆ ಜ್ವರವೆಂದು ವೆಂಡಲ್ ತಾನೇ ಸ್ಟುಡಿಯೋದಲ್ಲಿ ಕೂತಿದ್ದ. ಬಾಗಿಲಿಗೆ ಬೆನ್ನು, ಕಿವಿಗೆ ಫೋನ್. ಅಂಗಿಯ ತೋಳು ಮೊಣಕೈವರೆಗೆ ಏರಿತ್ತು. ಡೊರೀನ್ ಬಾಗಿಲು ತಳ್ಳಿದ್ದು ಅವನಿಗೆ ಕೇಳಿಸಲಿಲ್ಲ.

"ಹೌದು ಸರ್, ನೀವು ಹೇಳೋದು ಸರಿ. ಮೂರೂ ಅವಳೇ... ಇಲ್ಲ ಸರ್, ನಾವು ಕುಡಿದಿಲ್ಲ."

ಡೊರೀನ್ ನಿಂತಲ್ಲೇ ನಿಂತಳು.

"ಒಂದು ಅವಳೊಬ್ಬಳೇ ಹಾಡಿದ್ದು. ಇನ್ನೊಂದು ಕಾರ್ಡಿನೆಟ್ಸ್ ತಂಡದ ಹೆಸರಲ್ಲಿದೆ, ಅದ್ರಲ್ಲೂ ಮುಂದೆ ನಿಂತು ಹಾಡಿದ್ದು ಅವಳೇ. ಮೂರನೇದು ಜೋಡಿ ಹಾಡು, ರಸ್ ಮರ್ಕಲ್ ಜೊತೆ. ನಮ್ಮ ಕಂಪ್ಯೂಟರಿಗೆ ಅವು ಮೂರು ಬೇರೆ ಬೇರೆ ಜನ ಸರ್. ಅದಕ್ಕೆ ಹೆಸರು ಗೊತ್ತು, ದನಿ ಗೊತ್ತಿಲ್ಲ... ಯಾರ ತಪ್ಪಾ?"

ಅವನು ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡ.

"ನಂದು ಸರ್. ತಪ್ಪು ಪೂರ್ತಿ ನಂದೇ."

ಡೊರೀನ್‌ಗೆ ಈಗ ಅರ್ಥವಾಯಿತು. ಎರಡು ವರ್ಷದ ಹಿಂದೆ, ಕಂಪ್ಯೂಟರ್ ಬಂದ ಚಳಿಗಾಲದಲ್ಲಿ, ಆ ಹೆಸರುಗಳನ್ನೆಲ್ಲ ಕೂತು ಅದಕ್ಕೆ ಟೈಪ್ ಮಾಡಿದವಳು ಅವಳು. ಮಾಮೂಲಿ ದಿನಗಳಲ್ಲಿ ನೂರಾರು ಗಾಯಕರ ನಡುವೆ ಆ ಮೂರು ಹೆಸರು ದೂರ ದೂರ ಉಳಿಯುತ್ತಿದ್ದವು. ಗಾಯಕರು ಬೆರಳೆಣಿಕೆಯಷ್ಟಾದ ಈ ವಾರಾಂತ್ಯದಲ್ಲಿ ಅವು ಒಂದರ ಬೆನ್ನಿಗೆ ಒಂದು ಬಂದು ನಿಂತಿದ್ದವು. ಹೆಸರುಗಳ ಲೆಕ್ಕದಲ್ಲಿ ಎರಡು ಗಂಟೆಯ ನಿಯಮ ಎಲ್ಲಿಯೂ ಮುರಿದಿರಲಿಲ್ಲ. ಕೊನೆಯ ಸಲ ಪಟ್ಟಿ ನೋಡುವಾಗ ಅವಳೂ ಹೆಸರುಗಳನ್ನಷ್ಟೇ ನೋಡಿದ್ದಳು.

ವೆಂಡಲ್ ಫೋನಿಟ್ಟು ತಿರುಗಿದ. ಅವಳನ್ನು ಕಂಡು ಎದ್ದೇ ನಿಂತ.

"ಎಲ್ಲಿದ್ರಿ! ಬೆಳಿಗ್ಗೆಯಿಂದ ನಿಮ್ಮನೆಗೆ ಫೋನ್ ಮಾಡ್ತಾನೇ ಇದ್ದೀನಿ!"

"ಚರ್ಚಿನಲ್ಲಿ... ಪಿರೋಗಿ..." ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ. "ತಪ್ಪು ನಿಮ್ಮದಲ್ಲ. ಆ ಹೆಸರುಗಳನ್ನ ಹಾಕಿದ್ದು ನಾನು."

"ಗೊತ್ತು."

"ಗೊತ್ತಿದ್ರೂ ನಿಮ್ಮದು ಅಂದ್ರಲ್ಲ!"

"ಫೋನ್ ಮಾಡಿದೋರಿಗೆ ಬೈಯೋಕೆ ಒಬ್ಬ ಬೇಕು ಡೊರೀನ್. ನಾನು ಇಲ್ಲೇ ಇದ್ನಲ್ಲ."

"ಗೊತ್ತಾದ ಕೂಡ್ಲೆ ಎರಡು ಹಾಡು ತೆಗೆದು ಪಕ್ಕಕ್ಕಿಟ್ಟಿದ್ರೆ ಮುಗೀತಿತ್ತು! ಹುಚ್ಚಾ ನಿಮಗೆ? ಬೆಳಿಗ್ಗೆಯಿಂದ ಬೈಸ್ಕೊಂಡು ಕೂತಿದ್ದೀರಲ್ಲ!"

ವೆಂಡಲ್ ಅವಳನ್ನು ನೋಡಿದ. ಉತ್ತರ ಅಷ್ಟು ಸ್ಪಷ್ಟವಾಗಿರುವಾಗ ಕೇಳುತ್ತಿದ್ದಾಳಲ್ಲ ಎಂಬಂತೆ.

"ನಿಮ್ಮನ್ನ ಕೇಳದೆ ಮುಟ್ಟಲ್ಲ ಅಂದಿದ್ದೆ," ಅಂದ.

ಹಾಡು ಮುಗಿಯುತ್ತ ಬಂದಿತ್ತು. ಅವನು ಕೂತು ಮುಂದಿನದನ್ನು ಹಚ್ಚಿ ಮತ್ತೆ ತಿರುಗುವವರೆಗೆ ಅವಳಿಗೆ ಸಮಯ ಸಿಕ್ಕಿತು. ಸಾಲಲಿಲ್ಲ. ಕಣ್ಣೀರು ಕೆನ್ನೆ ದಾಟಿತ್ತು. ಹಿಟ್ಟಿನ ಕೈಯಲ್ಲಿ ಒರೆಸಿಕೊಂಡಳು.

"ನೀವೇ ಬದಲಿಸಿದ್ದೀರಿ ಅಂದ್ಕೊಂಡೆ," ಅಂದಳು. "ಕೆಲಸ ಬಿಡೋಕೆ ಬಂದಿದ್ದೆ. ನಿಮ್ಮನ್ನೂ..."

"ನನ್ನನ್ನೂ?" ಅವನ ದನಿ ತಗ್ಗಿತು. "ಬಿಡೋಕೆ ಮೊದ್ಲು ಹಿಡ್ಕೊಂಡಿರ್ಬೇಕಲ್ವಾ ಡೊರೀನ್... ಹಿಡ್ಕೊಂಡಿದ್ರಾ?"

ಅವಳು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಕೊಟ್ಟ ಮಾತಿಗಾಗಿ ಬೆಳಿಗ್ಗೆಯಿಂದ ಬೈಸಿಕೊಂಡವನ ಮುಂದೆ ಅದು ಸರಿಯೆನಿಸಲಿಲ್ಲ.

"ಫೆಬ್ರವರಿಯಿಂದ," ಅಂದಳು.

"ನಾನು ಜನವರಿಯಿಂದ. ಆ ಪೆಟ್ರೋಲ್ ಬಂಕಿನ ಫೋನಿನಲ್ಲಿ ನೀವು ನನ್ನ ಬೈದಾಗಿಂದ."

ಫೋನ್ ಬಡಿದುಕೊಂಡಿತು. ಡೊರೀನ್ ಎತ್ತಿದಳು.

"ಕೆಲಸ ಬಿಟ್ಯಾ?" ಆಗ್ನೆಸ್ ಚಿಕ್ಕಮ್ಮನ ದನಿ ಸ್ಟುಡಿಯೋ ತುಂಬ ಕೇಳಿಸಿತು.

"ಇಲ್ಲ ಚಿಕ್ಕಮ್ಮ."

"ಹಾಗಾದ್ರೆ ಆ ಅಡಲೀನಮ್ಮನ್ನ ಮನೆಗೆ ಕಳಿಸು! ಕೇಳೀ ಕೇಳೀ ಕಿವಿ ತೂತು ಬಿತ್ತು."

"ರೇಡಿಯೋ ಆರಿಸ್ಬೇಕಿತ್ತು."

"ಆರಿಸೋದ್ಯಾಕೆ? ಮುಂದೇನು ಹಾಕ್ತಾರೋ ನೋಡೋಣ ಅಂತ ಕೂತಿದ್ದೀವಿ."

ವೆಂಡಲ್ ಹುಬ್ಬೇರಿಸಿದ. ಬೆಳಿಗ್ಗೆಯಿಂದ ಬೈದವರೆಲ್ಲರ ಕತೆಯೂ ಅದೇ: ಯಾರೊಬ್ಬರೂ ರೇಡಿಯೋ ಆರಿಸಿರಲಿಲ್ಲ. ಅದನ್ನು ತನ್ನ ಗೆಲುವೆಂದು ಅವನು ವಾದಿಸಬಹುದಿತ್ತು. ವಾದಿಸಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿದ.

"ಈಗ ಮುಟ್ಟಬಹುದಾ?"

"ಮುಟ್ಟಿ," ಅಂದಳು. ಆಮೇಲೆ ಕೆಂಪಾಗಿ, "ಪಟ್ಟೀನ!" ಎಂದಳು.

ಇಬ್ಬರೂ ಕೂತು ಎರಡು ದಿನದ ಹಾಡುಗಳನ್ನು ಒಂದೊಂದಾಗಿ ಬಿಡಿಸಿದರು. ಹೆಸರು ಯಾವುದೇ ಇರಲಿ, ಆ ದನಿ ಎರಡು ಗಂಟೆಗೊಮ್ಮೆ ಮಾತ್ರ. ಡೊರೀನ್ ಮೈಕ್ ತೆರೆದು, ಬೆಳಗಿನ ಗೊಂದಲ ತನ್ನಿಂದಾದದ್ದು, ಕ್ಷಮಿಸಿ ಎಂದಳು. ಅದರ ಹಿಂದೆಯೇ ಹವಾಮಾನ ಓದಿದಳು. ಸರೋವರದ ಕಡೆಯಿಂದ ಗಾಳಿ, ಹಿಮ ಇಲ್ಲ.

ಸಂಜೆ ಇಬ್ಬರೂ ಚರ್ಚಿನ ನೆಲಮಾಳಿಗೆಯಲ್ಲಿ ಉಳಿದ ಪಿರೋಗಿಗಳನ್ನು ಬೆಣ್ಣೆ, ಈರುಳ್ಳಿಯಲ್ಲಿ ಹುರಿದು ತಿಂದರು. ಹೆಂಗಸರು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದರು. ಕೊನೆಗೆ ಆಗ್ನೆಸ್ ಚಿಕ್ಕಮ್ಮ ಎಲ್ಲರನ್ನೂ ಹೊರಡಿಸಿದರು.

ಕಾರಿನ ಬಳಿ ವೆಂಡಲ್ ಅವಳ ಕೈ ಹಿಡಿದುಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

"ನಾಳೇನೂ ಜೊತೆಗೆ ಊಟ ಮಾಡೋಣ್ವಾ?"

"ಇವತ್ತು ತಾನೇ ತಿಂದ್ವಿ. ಇಷ್ಟು ಬೇಗ ಅದೇ ಮನುಷ್ಯ ಮತ್ತೆ ಬಂದ್ರೆ ಜನ ಫೋನ್ ಮಾಡಿ ಬೈತಾರೆ."

"ಎಷ್ಟು ಅಂತರ ಬಿಡ್ಬೇಕು ಹೇಳಿ. ನಿಮ್ಮನ್ನ ಕೇಳದೆ ಏನೂ ಮಾಡಲ್ಲ."

ಅವಳು ನಿಜಕ್ಕೂ ಯೋಚಿಸಿದಳು.

"ಒಂದು ನಿದ್ದೆಯಷ್ಟು," ಎಂದಳು. "ಬೆಳಿಗ್ಗೆ ಚರ್ಚಿನ ಪೂಜೆ ಮುಗಿದ ಮೇಲೆ ಬಾ."

ಬನ್ನಿ ಅಂದಿರಲಿಲ್ಲ. ಬಾ ಅಂದಿದ್ದಳು. ಇಬ್ಬರೂ ಅದನ್ನು ಗಮನಿಸಿದರು.

"ಈ ಸಲ," ಅಂದ ವೆಂಡಲ್, "ಬೆಳಿಗ್ಗೇನೂ ಇರ್ತೀನಿ."