ಗುಬ್ಬಿ ಹಾಡಿನ ಚಟಪಟ

"ಅಜ್ಜಿ, ನಿನ್ ಹಾಡ್ನ ಒಂದಿನ ನಿಂಗೇ ಪೂರ್ತಿ ಕೇಳಿಸ್ತೀನಿ. ಪ್ರಾಮಿಸ್."

ಈ ಮಾತು ಕೊಟ್ಟಾಗ ಲೋಹಿತಾ ಒಂದನೇ ಕ್ಲಾಸಿನಲ್ಲಿದ್ದಳು. ಅಜ್ಜಿ ಕಮಲಾಕ್ಷಮ್ಮ ಅಕ್ಕಪಕ್ಕದ ಹೆಂಗಸರ ಜೊತೆ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ ಗುಬ್ಬಿಯ ಮದುವೆಯ ಹಾಡು ಹೇಳುತ್ತಿದ್ದಳು; ಅವರೂ ದನಿಗೂಡಿಸುತ್ತಿದ್ದರು. ಲೋಹಿತಾ ಅದನ್ನು ಅಪ್ಪನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು.

ಈಗ ಅವಳು ಐದನೇ ಕ್ಲಾಸು. ವಳ್ಳೂರಿನ ಅವರ ಹೊಲದಲ್ಲಿ ಕಡಲೆಕಾಯಿ ಇಲ್ಲ; ಸೋಲಾರ್ ಪ್ಲೇಟುಗಳು ಆಕಾಶ ನೋಡುತ್ತಾ ಮಲಗಿವೆ. ಜಗಲಿಯ ಹೆಂಗಸರೂ ಒಬ್ಬೊಬ್ಬರು ಒಂದೊಂದು ಕಡೆ. ಹಾಡು ಮಾತ್ರ, ಹಾಕಿದಾಗೆಲ್ಲ ಏನಾದರೊಂದು ಅಡ್ಡ ಬಂದು, ಒಮ್ಮೆಯೂ ಕೊನೆ ಮುಟ್ಟಿರಲಿಲ್ಲ.

ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿತ್ತು. ಟಿವಿ ನೋಡುವ ಹಾಗಿಲ್ಲ, ಹೊತ್ತು ಹೋಗುವುದಿಲ್ಲ. ಲೋಹಿತಾ ಅಣ್ಣ ಅಂಬರೀಶನ ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿದಳು. ಡಿಪ್ಲೊಮಾ ಪ್ರಾಜೆಕ್ಟಿಗೆಂದು ಅವನೇ ಮಾಡಿದ ಪ್ಲೇಯರ್ ಅದು. ಅಜ್ಜಿಗೆ ಕಿವಿಯೂ ಮಂದ. ಜೋರು ಮಾಡು ಅಂದಳು. ಲೋಹಿತಾ ವಾಲ್ಯೂಮ್ ಏರಿಸಿದಳು.

ಚಟ್ ಪಟ್ ಚಟಪಟ!

ಅಜ್ಜಿ ಬೆಚ್ಚಿ ಕಿವಿ ಮುಚ್ಚಿಕೊಂಡಳು. "ಚಾಲು, ಚಾಲು" ಅಂದಳು. ಗಡಿಯಾಚೆಯ ತೆಲುಗು ಊರಿಂದ ಬಂದ ಅಜ್ಜಿಯ ಬಾಯಲ್ಲಿ ಚಾಲು ಅಂದರೆ ಸಾಕು ಅಂತ.

ಆ ಚಟಪಟ ತೆಗೆದುಬಿಡು ಎಂದು ಲೋಹಿತಾ ಅಣ್ಣನ ಬೆನ್ನು ಬಿದ್ದಳು. ಟೀ ಆರುವಷ್ಟರಲ್ಲಿ ಮುಗಿಸ್ತೀನಿ ಅಂತ ಅವನು ಜಂಬ ಹೊಡೆದ. ಅಜ್ಜಿಯ ದನಿಯೊಂದನ್ನು ಬಿಟ್ಟು ಹಾಡಿನಲ್ಲಿದ್ದ ಸದ್ದನ್ನೆಲ್ಲ ಸೋಸಿ, ತೊಳೆದಿಟ್ಟ ಹಾಗೆ ಮಾಡಿ ಕೇಳಿಸಿದ.

ಅಜ್ಜಿ ಕತ್ತು ವಾರೆ ಮಾಡಿ ಕೇಳಿದಳು.

"ಇದೇನ್ಲಾ, ನಾನೊಬ್ಳೇ ಕೂತು ಹಾಡ್ದಂಗೈತೆ? ಕಾಯಿ ಸುಲಿಯೋರೆಲ್ಲ ಎಲ್ಲೋದ್ರು?"

ಲೋಹಿತಾಗೆ ಆಗ ಹೊಳೆಯಿತು. ಕಾಯಿ ಸುಲಿಯುವ ಸದ್ದೂ ಚಟಪಟವೇ! ಅವಳು ತೆಗಿ ಅಂದಿದ್ದು ಒಂದು, ಅಣ್ಣ ತೆಗೆದಿದ್ದು ಇನ್ನೊಂದು. ಅವಳ ಕಣ್ಣು ತುಂಬಿತು.

"ಅಳ್ಬ್ಯಾಡ ಕಣೇ, ಒರಿಜಿನಲ್ ಹಂಗೇ ಐತೆ" ಅಂದ ಅಂಬರೀಶ.

ಅದನ್ನೇ ಮತ್ತೆ ಹಾಕಿದರು. ಈ ಸಲ ಲೋಹಿತಾ ಅಜ್ಜಿಯ ಹಾಗೆ ಕಣ್ಣು ಮುಚ್ಚಿಕೊಂಡಳು. ಕಾಯಿ ಸುಲಿಯುವ ಸದ್ದು ಒಣಗಿದ ಎಲೆಯ ಮೇಲೆ ಗುಬ್ಬಿ ಕುಪ್ಪಳಿಸಿದಂತೆ ಮೆತ್ತಗೆ ಬರುತ್ತಿತ್ತು. ಇನ್ನೊಂದು ಹಾಗಲ್ಲ, ಚುಚ್ಚುತ್ತಿತ್ತು. ವಾಲ್ಯೂಮ್ ಬಟನ್ ಒತ್ತಿದಳು, ಬಿಟ್ಟಳು. ಒತ್ತಿದರೆ ಚಟಪಟ, ಬಿಟ್ಟರೆ ಇಲ್ಲ.

"ಅಣ್ಣ, ಇದು ಹಾಡಲ್ಲಿಲ್ಲ. ನಿನ್ ಪ್ಲೇಯರಲ್ಲೈತೆ."

ಅಂಬರೀಶ ಮುಖ ಊದಿಸಿದ. ಆಮೇಲೆ ತಾನೇ ಒತ್ತಿ ನೋಡಿ ತಲೆ ಕೆರೆದುಕೊಂಡ. ಕೋಡ್ ತೆರೆದು ಹುಡುಕಿದ. ವಾಲ್ಯೂಮ್ ಮೆಟ್ಟಿಲು ಹತ್ತುವ ಬದಲು ಒಂದೇ ಸಲ ಎಗರುತ್ತಿದೆ, ಎಗರಿದ ಕಡೆ ದನಿ ತುಂಡಾಗುತ್ತಿದೆ ಎಂದು ವಿವರಿಸಿದ.

"ಪಾವಗಡದ ಬಸ್ಸು ಧಡಕ್ ಅಂತ ಹೊರಟ್ರೆ ನಿಂತಿರೋರೆಲ್ಲ ಬೀಳ್ತಾರಲ್ಲ, ಅಂಗಾ?"

"ಅಂಗೇ ಕಣೇ. ಮೆಲ್ಲಕ್ಕೆ ಬುಡ್ಬೇಕು."

ಇನ್ನು ಮುಂದೆ ಬಟನ್ ಒತ್ತಿದರೂ ದನಿ ಚೂರುಚೂರೇ ಏರುವ ಹಾಗೆ ಅವನು ಕೋಡ್ ತಿದ್ದಿದ.

ಸಂಜೆ ಸೋಲಾರ್ ಪ್ಲೇಟಿಗೆ ಬಿದ್ದ ಬಿಸಿಲು ಗೋಡೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಹಾಡು ಶುರುವಾಯಿತು. ಲೋಹಿತಾ ವಾಲ್ಯೂಮ್ ಏರಿಸಿದಳು. ಚಟಪಟ ಇಲ್ಲ. ಹೆಂಗಸರೆಲ್ಲ ನಡೆದು ಬಂದು ಹತ್ತಿರ ಕೂತಂತಾಯಿತು. ಅಜ್ಜಿ ದನಿ ಗುರುತಿಸಿ ಒಬ್ಬೊಬ್ಬರ ಹೆಸರು ಹೇಳಿದಳು. ಅವಳ ಹೆಬ್ಬೆರಳು ತೋರುಬೆರಳ ಮೇಲೆ ಒತ್ತಿ ಒತ್ತಿ, ಇಲ್ಲದ ಕಾಯಿ ಸುಲಿಯುತ್ತಿತ್ತು.

ಗುಬ್ಬಿಯ ದಿಬ್ಬಣ ಹಳ್ಳ ದಾಟುವ ಹೊತ್ತಿಗೆ ಬೆರಳು ನಿಂತಿತು. ಅಜ್ಜಿ ನಿದ್ದೆ ಹೋಗಿದ್ದಳು.

"ಎಬ್ಬಿಸ್ಲಾ? ಇನ್ನೂ ತಾಳಿನೇ ಕಟ್ಟಿಲ್ಲ" ಅಂದ ಅಂಬರೀಶ.

ಲೋಹಿತಾ ಬೇಡವೆಂದು ತಲೆಯಾಡಿಸಿದಳು. ಅಜ್ಜಿಯ ಮುಖ ನೋಡುತ್ತಾ ದನಿಯನ್ನು ಇಳಿಸಿದಳು. ಹೆಂಗಸರು ಹಾಡಿಕೊಳ್ಳುತ್ತಲೇ ಎದ್ದು, ದೂರ ದೂರ ನಡೆದುಹೋದರು.

ಹಾಡನ್ನು ಪೂರ್ತಿ ಕೇಳಿಸುವ ಮಾತು ಅವತ್ತೂ ನಡೆಯಲಿಲ್ಲ.