ಕಿತ್ತುಹಾಕಿದ ಕೊಕ್ಕೆ

ಜೂನ್ ಹನ್ನೊಂದರ ಬೆಳಿಗ್ಗೆ ಹೊನ್ನವಳ್ಳಿ ಠಾಣೆಗೆ ಯೋಗೀಶ್ ದೂರು ತಂದ. ಅವನ ಮನೆ ಹಿಂದಿನ ಶೆಡ್ಡಿನಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಯಂತ್ರವಿದೆ. ಹಿಂದಿನ ದಿನ ಹೆಂಡತಿ ಭಾನುಪ್ರಿಯಾಳ ಬಲಗೈ ಅದಕ್ಕೆ ಸಿಕ್ಕಿ ಎರಡು ಬೆರಳು ಹೋಗಿದ್ದವು. ಎಲೆಕ್ಟ್ರಿಷಿಯನ್ ರುದ್ರೇಶ್ ರಿವರ್ಸ್ ಸ್ವಿಚ್ಚಿಗೆ ತಪ್ಪು ವೈರಿಂಗ್ ಮಾಡಿದ್ದರಿಂದ ಮೋಟಾರು ಹಿಂದಕ್ಕೆ ತಿರುಗಲೇ ಇಲ್ಲ ಎಂಬುದು ದೂರು. ಪಿಎಸ್‌ಐ ವನಿತಾ ಎಫ್‌ಐಆರ್ ದಾಖಲಿಸಿ ರುದ್ರೇಶನನ್ನು ಕರೆಸಿದರು.

ಅವನು ಬರುವಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ಒಪ್ಪಿಸಿದ್ದ ಕೆಲಸ ಬೇಡವೆಂದು ಆಗಲೇ ಒಂದಿಬ್ಬರು ಫೋನ್ ಮಾಡಿದ್ದರು. ಈ ಕೇಸು ಸಾಬೀತಾದರೆ ಪಾಪ, ಅವನನ್ನು ಈ ಸೀಮೆಯಲ್ಲಿ ಬಲ್ಬು ಹಾಕಲೂ ಯಾರೂ ಕರೆಯುತ್ತಿರಲಿಲ್ಲ.

"ವೈರಿಂಗ್ ಸರಿಯಾಗಿತ್ತಾ?"

"ಸರಿಯಾಗಿತ್ತು ಮೇಡಂ. ಸಿಂಗಲ್ ಫೇಸ್ ಮೋಟ್ರು ಓಡ್ತಿರುವಾಗ ರಿವರ್ಸಿಗೆ ಹಾಕಿದ್ರೆ ಕೇಳಕಿಲ್ಲ, ಅದೇ ದಿಕ್ಕಿಗೇ ಓಡ್ತದೆ. ನಿಲ್ಲಿಸಿ ಆಮೇಲೆ ಹಾಕ್ಬೇಕು. ಮರೀಬಾರ್ದು ಅಂತ ಸ್ವಿಚ್ಚಿನ ಹಿಡಿಕೆ ನಡುವೆ ಆಫಲ್ಲಿ ನಿಲ್ಲೋ ಹಂಗೆ ಒಂದು ಕೊಕ್ಕೆ ಹಾಕಿದ್ದೆ. ಅದನ್ನ ಎತ್ತಿದ್ರೇನೇ ಆ ಕಡೆಗೆ ತಿರುಗೋದು."

ಹಗ್ಗದ ಕೆಲಸಕ್ಕೆ ಎರಡೂ ದಿಕ್ಕು ಬೇಕು. ಎಳೆಗಳನ್ನು ಒಂದು ದಿಕ್ಕಿಗೆ ಹುರಿಮಾಡಿ, ಸೇರಿಸಿ ಎದುರು ದಿಕ್ಕಿಗೆ ಹೊಸೆಯದಿದ್ದರೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಆ ಕೊಕ್ಕೆಯನ್ನು ದಿನವಿಡೀ ಎತ್ತುತ್ತಲೇ ಇರಬೇಕು.

ಮಧ್ಯಾಹ್ನ ಶೆಡ್ಡಿನಲ್ಲಿ ಪಂಚರ ಎದುರು ಪಂಚನಾಮೆ ನಡೆಯಿತು. ಕೊಕ್ಕೆ ಇರಲಿಲ್ಲ. ಸ್ವಿಚ್ಚಿನ ಮುಚ್ಚಳ ತೆಗೆದರೆ ಒಂದು ವೈರು ಕಳಚಿ ನೇತಾಡುತ್ತಿತ್ತು. ಕೇಸು ಮುಗಿಯಿತೆಂದು ಹೆಡ್ ಕಾನ್‌ಸ್ಟೆಬಲ್ ಈರಣ್ಣ ಪೆನ್ನಿಗೆ ಮುಚ್ಚಳ ಹಾಕಿದರು. ಮನೆ ಸೇರುವ ಆತುರ ಅವರಿಗೆ ಇಂದು ನಿನ್ನೆಯದಲ್ಲ. ವನಿತಾ ಮಾತ್ರ ವೈರು ಹೇಗಿದೆಯೋ ಹಾಗೇ ಬಿಟ್ಟು ಸ್ವಿಚ್ ಹಾಕಿಸಿದರು. ಮೋಟಾರು ಗುಂಯ್ ಎಂದಿತು, ತಿರುಗಲಿಲ್ಲ. ಇನ್ನೊಂದು ಕಡೆಗೆ ಹಾಕಿದರೂ ಅದೇ ಸದ್ದು.

"ನಿನ್ನೆನೂ ವೈರು ಹಿಂಗೇ ಇತ್ತಾ ಯೋಗೀಶ್?"

"ಹೂಂ ಮೇಡಂ."

"ಹಂಗಿದ್ರೆ ಮಿಷನ್ ಯಾವ ಕಡೆಗೂ ತಿರುಗ್ತಿರ್ಲಿಲ್ಲ. ನಿಮ್ಮ ಮನೆಯವರ ಕೈ ಎಳ್ಕೊಂಡಿದ್ದು ಹೆಂಗೆ?"

ಬೇರೊಬ್ಬ ವೈರ್‌ಮನ್‌ನನ್ನು ಕರೆಸಿ ವೈರು ಕೂಡಿಸಿ ನೋಡಿದಾಗ ರುದ್ರೇಶ್ ಹೇಳಿದ್ದೆಲ್ಲ ನಿಜವೆಂದು ಗೊತ್ತಾಯಿತು.

ಆಮೇಲೆ ಯೋಗೀಶ್ ಒಂದನ್ನೂ ಮುಚ್ಚಿಡಲಿಲ್ಲ. ಒದ್ದೆ ನಾರು ಹಿಡಿದು ಹಿಡಿದು ಭಾನುಪ್ರಿಯಾಳ ಅಂಗೈ ಬಿರುಕು ಬಿಟ್ಟಿತ್ತು. ಕೊಕ್ಕೆ ಎತ್ತಿದಾಗಲೆಲ್ಲ ರಕ್ತ ಜಿನುಗುತ್ತಿತ್ತು. ನೋಡಲಾರದೆ ಅವನೇ ಅದನ್ನು ಕಿತ್ತುಹಾಕಿದ್ದ. ಅವಳ ಕೈ ಸಿಕ್ಕಿದಾಗ ಗಾಬರಿಯಲ್ಲಿ ಹಿಡಿಕೆಯನ್ನು ಸೀದಾ ರಿವರ್ಸಿಗೆ ತಳ್ಳಿದ್ದ. ಯಂತ್ರ ನಿಲ್ಲದೆ ಕೈಯನ್ನು ಇನ್ನಷ್ಟು ಒಳಗೆಳೆಯಿತು. ಆಸ್ಪತ್ರೆಯಿಂದ ಮನೆಗೆ ಬಂದವನು, ರಿವರ್ಸ್ ಮಾತ್ರ ಕೆಡಲೆಂದು ಒಂದು ವೈರು ಕಳಚಿಟ್ಟ. ಅದರಿಂದ ಎರಡೂ ದಿಕ್ಕು ಸಾಯುತ್ತವೆಂದು ಅವನಿಗೆ ತಿಳಿದಿರಲಿಲ್ಲ.

"ಜೈಲಿಗೆ ಹೆದರಿ ಅಲ್ಲ ಮೇಡಂ. ಅವಳ ಬೆರಳು ಹೋಗಿದ್ದು ನನ್ನ ಕೈಯಿಂದ ಅಂತ ಅವಳಿಗೆ ಗೊತ್ತಾಗ್ಬಾರ್ದಿತ್ತು."

ಸಂಜೆ ಐದಕ್ಕೆ ಅವನನ್ನು ಬಂಧಿಸಲಾಯಿತು: ನಿರ್ಲಕ್ಷ್ಯ, ಸುಳ್ಳು ದೂರು, ಸಾಕ್ಷ್ಯ ಕೆಡಿಸಿದ್ದು. ರುದ್ರೇಶನನ್ನು ಮನೆಗೆ ಕಳಿಸಿದರು. ಬೈಯಲು ಅವನಿಗೆ ಬೇಕಾದಷ್ಟಿತ್ತು, ಆದರೆ ಯೋಗೀಶನ ಮುಖ ನೋಡಿ ಹೊರಟುಹೋದ.

ಹೇಳಿಕೆ ಪಡೆಯಲು ವನಿತಾ ತಿಪಟೂರಿನ ಆಸ್ಪತ್ರೆಗೆ ಹೋದರು. ವಿಷಯ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದು ದಂಡವಾಯಿತು. ಕೈತುಂಬ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಭಾನುಪ್ರಿಯಾಳೇ ಮೊದಲು ಮಾತಾಡಿದಳು.

"ಹಿಡಿಕೆ ತಿರುಗಿಸಿದ್ದು ನಮ್ಮನೆಯವ್ರೇ ಮೇಡಂ, ನೋಡ್ತಾನೇ ಇದ್ದೆ. ರುದ್ರೇಶಣ್ಣನ ಮೇಲೆ ಹಾಕಿದ್ರಂತಲ್ಲ, ಅದು ತಪ್ಪು. ಅದನ್ನ ನಾನು ಸುಮ್ನೆ ಬುಡಕಿಲ್ಲ."

ವನಿತಾ ಬರೆದುಕೊಂಡರು.

"ಆದ್ರೆ ನನ್ನ ಕೈ ಬಿಡಿಸೋಕೇ ತಿರುಗಿಸಿದ್ರು. ಅದನ್ನೂ ಬರ್ಕಳಿ ಮೇಡಂ."

ವನಿತಾ ಅದನ್ನೂ ಬರೆದುಕೊಂಡರು.